ಇಥಿಯೋಪಿಯಾ ಎಲ್ಲಿ ಬಂತು ಸಾರ್?

2020ರ ಜುಲೈ. ಕೊರೋನಾ ಅಂಕಿ ಅಂಶ ಓದಿ ಓದಿ ನಾಲಿಗೆ ಒಣಗಿ ಹೋಗಿದ್ದ ದಿನಗಳು. ಒಂದು ಸಂಜೆ ವಿಧಾನ ಪರಿಷತ್ತಿಗೆ ಐದು ಜನರ ನಾಮನಿರ್ದೇಶನ ಆಯ್ತು ಅನ್ನೋ ಸುದ್ದಿ ಬಂತು. ಸ್ಟುಡಿಯೋದಲ್ಲಿ ಎಲ್ಲರ ಗಮನ ಎಚ್. ವಿಶ್ವನಾಥ್ ಮೇಲೆ, ಸಿ.ಪಿ. ಯೋಗೇಶ್ವರ್ ಮೇಲೆ. ಯಾರಿಗೆ ಸಿಕ್ಕಿತು, ಯಾರಿಗೆ ತಪ್ಪಿತು, ಯಾರು ಮುನಿಸಿಕೊಂಡರು! ಅದೇ ಪಟ್ಟಿಯಲ್ಲಿ ಇನ್ನೊಂದು ಹೆಸರಿತ್ತು. ಶಾಂತಾರಾಮ ಬುದ್ನಾ ಸಿದ್ದಿ, ಯಲ್ಲಾಪುರ ತಾಲೂಕಿನ ಹಿತ್ಲಳ್ಳಿಯವರು. ಕರ್ನಾಟಕದ ಶಾಸನಸಭೆಯ ಮೆಟ್ಟಿಲು ಹತ್ತಿದ ಮೊದಲ ಸಿದ್ದಿ. ನಾನು ಕ್ಯಾಮೆರಾ ನೋಡಿ ಗಟ್ಟಿ ದನಿಯಲ್ಲಿ ಹೇಳಿದೆ: 'ಇಥಿಯೋಪಿಯಾ ಮೂಲದ ಸಿದ್ದಿ ಸಮುದಾಯಕ್ಕೆ ಐತಿಹಾಸಿಕ ಗೌರವ!' ಕೆಳಗಿನ ಪಟ್ಟಿಯಲ್ಲೂ ಅದೇ ಸಾಲು ಓಡಿತು.

ಮರುದಿನ ಕಚೇರಿಗೆ ಒಂದು ಫೋನ್ ಬಂತು. ಯಲ್ಲಾಪುರದ ಕಡೆಯ ದನಿ, ವಯಸ್ಸಾದವರು. ಸಿಟ್ಟೇನೂ ಇರಲಿಲ್ಲ. 'ಸಾರ್, ನಿನ್ನೆ ಟಿವೀಲಿ ನಮ್ಮನ್ನ ಇಥಿಯೋಪಿಯಾದವ್ರು ಅಂದ್ರಿ. ಅದು ಎಲ್ಲಿ ಬಂತು ಸಾರ್? ನಮ್ಮ ಹಿರೇರೆಲ್ಲ ಇಲ್ಲೇ ಮಣ್ಣಾಗಿದಾರಲ್ಲ.'

ನಾನು ಎಂಜಿನಿಯರಿಂಗ್ ಓದಿದವನು. ಇತಿಹಾಸ ನನಗೆ ಹತ್ತನೇ ಕ್ಲಾಸಿಗೇ ಮುಗಿದಿತ್ತು. ಆದರೂ ನಾಚಿಕೆ ಆಗಿದ್ದು ಅದಕ್ಕಲ್ಲ. ನಾನು ಹುಟ್ಟಿದ್ದು ಸಿದ್ದಾಪುರ ತಾಲೂಕಲ್ಲಿ, ಅಜ್ಜನಮನೆ ಇದ್ದದ್ದು ಯಲ್ಲಾಪುರ ತಾಲೂಕಲ್ಲಿ, ಹೈಸ್ಕೂಲು ಓದಿದ್ದು ಶಿರಸಿಯಲ್ಲಿ. ಸಿದ್ದಿಗಳನ್ನು ನೋಡುತ್ತಲೇ ಬೆಳೆದವನು ನಾನು. ಬೇಸಿಗೆ ರಜೆಯಲ್ಲಿ ಅಜ್ಜನಮನೆ ತೋಟಕ್ಕೆ ಸೊಪ್ಪು ಹೊರುತ್ತಿದ್ದವರು, ಮಳೆಗಾಲಕ್ಕೆ ಕಟ್ಟಿಗೆ ಒಡೆದು ಕೊಡುತ್ತಿದ್ದವರು, ಅಂಗಳದ ಆಚೆ ಬದಿ ಕೂತು ಬಾಳೆಲೆಯಲ್ಲಿ ಊಟ ಮಾಡುತ್ತಿದ್ದವರು ಅವರೇ. ಅಷ್ಟು ವರ್ಷ ಕಣ್ಣೆದುರೇ ಇದ್ದವರ ಬಗ್ಗೆ ನನಗೆ ಗೊತ್ತಿದ್ದದ್ದು 'ಇಥಿಯೋಪಿಯಾ ಮೂಲ' ಅನ್ನೋ ಎರಡು ಪದ. ಅದೂ ಸರಿಯಿಲ್ಲ ಅಂತ ಆಮೇಲೆ ಗೊತ್ತಾಯ್ತು.

ಹಾಗಾದರೆ ಇಥಿಯೋಪಿಯಾದಿಂದ ಕರ್ನಾಟಕಕ್ಕೆ ಯಾರೂ ಬರಲೇ ಇಲ್ಲವಾ? ಬಂದರು. ಬಂದು ಆಳಿದರು ಕೂಡ. ವಿಜಯಪುರಕ್ಕೆ ಹೋಗಿ ಗೋಳಗುಮ್ಮಟ ನೋಡಿ ಬಂದವರಿಗೆಲ್ಲ ಅದನ್ನು ಕಟ್ಟಿಸಿದ್ದು ಮುಹಮ್ಮದ್ ಆದಿಲ್ ಶಾ ಅಂತ ಗೊತ್ತು. ಆ ದೊರೆಯ ದರ್ಬಾರಿನಲ್ಲಿ ಅತ್ಯಂತ ಪ್ರಭಾವಿಯಾಗಿದ್ದ ಮಂತ್ರಿ ಇಖ್ಲಾಸ್ ಖಾನ್ ಎಲ್ಲಿಯವನು ಅಂತ ಎಷ್ಟು ಜನ ಕೇಳಿದ್ದೀವಿ? ಅವನು ಹಬಶಿ. ದೊರೆ, ಮಂತ್ರಿ ಇಬ್ಬರೂ ಒಂದೇ ಆನೆ ಮೇಲೆ ಹೋಗುತ್ತಿರುವ ಚಿತ್ರವೊಂದಿದೆ, 1645ರ ಆಸುಪಾಸಿನದ್ದು. ಮುಂದೆ ಕೂತವನು ದೊರೆ, ಹಿಂದೆ ಕಪ್ಪು ಮೈಬಣ್ಣದ ಇಖ್ಲಾಸ್ ಖಾನ್. ಅದಕ್ಕೂ ಮೊದಲು, ಎರಡನೇ ಇಬ್ರಾಹಿಂ ಆದಿಲ್ ಶಾ ಇನ್ನೂ ಹುಡುಗನಾಗಿದ್ದಾಗ, 1582ರಿಂದ 1590ರವರೆಗೆ ವಿಜಯಪುರದ ಆಡಳಿತ ಇದ್ದದ್ದು ದಿಲಾವರ್ ಖಾನ್ ಅನ್ನೋ ಇನ್ನೊಬ್ಬ ಹಬಶಿಯ ಕೈಯಲ್ಲಿ. ಶಿವಾಜಿಯನ್ನು 1660ರಲ್ಲಿ ಪನ್ಹಾಳ ಕೋಟೆಯಲ್ಲಿ ಮುತ್ತಿ ಕೂತ ಬಿಜಾಪುರದ ಸೇನಾಪತಿ ಸಿದ್ದಿ ಜೌಹರ್. ಹೆಸರಲ್ಲೇ ಇದೆ ನೋಡಿ.

ಹಬಶಿ ಅನ್ನೋದು 'ಅಲ್-ಹಬಶ್' ಅನ್ನುವ ಅರಬ್ಬಿ ಮಾತಿನಿಂದ ಬಂತು. ಅಬಿಸೀನಿಯಾ, ಅಂದರೆ ಇವತ್ತಿನ ಇಥಿಯೋಪಿಯಾದ ಎತ್ತರದ ನಾಡು. ಅಲ್ಲಿಯ ಜನ ಇವತ್ತಿಗೂ ತಮ್ಮನ್ನು 'ಹಬೆಶಾ' ಅಂತ ಕರೆದುಕೊಳ್ಳುತ್ತಾರೆ. ಸಿದ್ದಿ ಅನ್ನೋದು 'ಸಯ್ಯದಿ'ಯಿಂದ ಬಂದದ್ದು ಅಂತ ಹೆಚ್ಚಿನವರ ಅಭಿಪ್ರಾಯ. ಸಯ್ಯದಿ ಅಂದರೆ ನನ್ನ ಒಡೆಯ! ಈ ಪದವನ್ನು ಸ್ವಲ್ಪ ನೆನಪಲ್ಲಿಟ್ಟುಕೊಳ್ಳಿ.

ಇವರೆಲ್ಲರಲ್ಲಿ ದೊಡ್ಡ ಹೆಸರು ಮಲಿಕ್ ಅಂಬರ್. 1548ರ ಸುಮಾರಿಗೆ ಇಥಿಯೋಪಿಯಾದಲ್ಲಿ ಹುಟ್ಟಿದವನು. ಮೊದಲ ಹೆಸರು ಚಾಪು. ಬಾಲ್ಯದಲ್ಲೇ ಮಾರಾಟವಾದ. ಕೆಂಪು ಸಮುದ್ರದ ಮೋಖಾ ಬಂದರು, ಬಾಗ್ದಾದು, ಕೊನೆಗೆ ದಖ್ಖನ್. ಅಹ್ಮದ್‌ನಗರದ ನಿಜಾಮ್‌ಶಾಹಿಯಲ್ಲಿ ಅವನನ್ನು ಕೊಂಡ ಚಂಗೀಜ್ ಖಾನ್ ಕೂಡ ಒಂದು ಕಾಲಕ್ಕೆ ಗುಲಾಮನಾಗಿದ್ದ ಹಬಶಿಯೇ. ಒಡೆಯ ಸತ್ತ ಮೇಲೆ ಅಂಬರ್ ಸ್ವತಂತ್ರನಾದ, ಸ್ವಲ್ಪ ಕಾಲ ವಿಜಯಪುರದಲ್ಲೂ ಕೆಲಸ ಮಾಡಿದ. 1600ರಲ್ಲಿ ಮೊಘಲರು ಅಹ್ಮದ್‌ನಗರದ ಕೋಟೆ ಹಿಡಿದಾಗ, ರಾಜವಂಶದ ಒಬ್ಬನನ್ನು ಪಟ್ಟಕ್ಕೆ ಕೂರಿಸಿ, ತಾನೇ ರಾಜ್ಯ ನಡೆಸಿದ. ಸಾಯುವವರೆಗೆ, ಅಂದರೆ 1626ರವರೆಗೆ, ಮೊಘಲರನ್ನು ದಖ್ಖನಿನಲ್ಲಿ ನೆಮ್ಮದಿಯಾಗಿ ಮಲಗಲು ಬಿಡಲಿಲ್ಲ. 1624ರಲ್ಲಿ ಭಾತವಾಡಿಯಲ್ಲಿ ಮೊಘಲ್ ಮತ್ತು ಬಿಜಾಪುರದ ಸೈನ್ಯ ಎರಡನ್ನೂ ಸೋಲಿಸಿದ. ಆ ಯುದ್ಧದಲ್ಲಿ ಅವನ ಕಡೆ ಇದ್ದವರಲ್ಲಿ ಶಹಾಜಿ ಭೋಂಸ್ಲೆಯೂ ಒಬ್ಬ, ಮುಂದೆ ನಮ್ಮ ಬೆಂಗಳೂರಿಗೆ ಬಂದ ಅದೇ ಶಹಾಜಿ. ಜಹಾಂಗೀರನಿಗೆ ಅಂಬರ್ ಮೇಲೆ ಎಷ್ಟು ಸಿಟ್ಟಿತ್ತು ಅಂದರೆ, ಅವನ ಕಡಿದ ತಲೆಗೆ ತಾನು ಬಾಣ ಬಿಡುತ್ತಿರುವ ಹಾಗೆ ಚಿತ್ರ ಬರೆಸಿಕೊಂಡ. ನಿಜದಲ್ಲಿ ಆ ತಲೆ ಅವನ ಕೈಗೆ ಯಾವತ್ತೂ ಸಿಗಲಿಲ್ಲ. ಅಂಬರ್ ಖಡ್ಕಿ ಅಂತ ಊರು ಕಟ್ಟಿದ. ಅದೇ ಮುಂದೆ ಔರಂಗಾಬಾದ್ ಆಯ್ತು. ಆ ಊರಿಗೆ ನೆಲದೊಳಗಿನ ಕಾಲುವೆಯಲ್ಲಿ ಅವನು ತಂದ ನೀರಿನ ವ್ಯವಸ್ಥೆ ನೋಡಿದರೆ ನನ್ನಂಥ ಎಂಜಿನಿಯರಿಂಗ್ ಪದವೀಧರ ಮೈಕ್ ಕೆಳಗಿಟ್ಟು ಸುಮ್ಮನೆ ನಿಲ್ಲಬೇಕು.

ಕೇಳೋಕೆ ರೋಮಾಂಚನ, ಅಲ್ವಾ? ಟಿವಿಗೆ ಹೇಳಿ ಮಾಡಿಸಿದ ಕಥೆ. ನಾನೂ ಒಂದು ವಿಶೇಷ ಕಾರ್ಯಕ್ರಮ ಮಾಡಿದೆ. ಕೊನೆಯಲ್ಲಿ 'ಇದೇ ಮಲಿಕ್ ಅಂಬರನ ವಂಶಸ್ಥರು ಇವತ್ತು ಯಲ್ಲಾಪುರದ ಕಾಡಿನಲ್ಲಿ' ಅಂತ ಹೇಳುವುದರಲ್ಲಿದ್ದೆ. ಫೋನ್ ಮಾಡಿದ ಆ ಹಿರಿಯರ ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಂಡಿತು.

ಯಾಕೆ ಅಂದರೆ, ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಶಿರಸಿ ಕಡೆಯ ಸಿದ್ದಿಗಳ ದಾರಿ ಬೇರೆ. ಅದು ಮೋಖಾದಿಂದ ಬಂದ ದಾರಿಯಲ್ಲ, ಹೆಚ್ಚಾಗಿ ಗೋವಾದಿಂದ ಬಂದದ್ದು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಮೊಜಾಂಬಿಕ್ ಕರಾವಳಿಯೂ ಅವರ ಕೈಯಲ್ಲೇ ಇತ್ತು. ಆ ಹಡಗುಗಳಲ್ಲಿ ದಂತ ಬಂತು, ಚಿನ್ನ ಬಂತು, ಮನುಷ್ಯರೂ ಬಂದರು. 1580ರ ದಶಕದಲ್ಲಿ ಗೋವಾದಲ್ಲಿದ್ದ ಡಚ್ಚ ಲಿನ್‌ಸ್ಕೋಟನ್, 1608ರ ಹೊತ್ತಿಗೆ ಬಂದ ಫ್ರೆಂಚ್ ಪಿರಾರ್ಡ್, ಇಬ್ಬರೂ ಅಲ್ಲಿ ಬೀದಿಯಲ್ಲೇ ಗುಲಾಮರ ಹರಾಜು ಆಗುತ್ತಿದ್ದುದನ್ನು ಬರೆದಿಟ್ಟಿದ್ದಾರೆ. ಪೋರ್ಚುಗೀಸರು ಇವರನ್ನು ಕರೆದದ್ದು ಕಾಫ್ರ ಅಂತ. ಕೊಂಕಣಿಯಲ್ಲಿ ಅದು ಖಾಪ್ರಿ ಆಯ್ತು.

ಆ ಮನೆಗಳಿಂದ ತಪ್ಪಿಸಿಕೊಂಡವರು ಎಲ್ಲಿಗೆ ಹೋಗಬೇಕು? ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಘಟ್ಟ. ಘಟ್ಟ ಹತ್ತಿದರೆ ಪೋರ್ಚುಗೀಸರ ಕೈಗೆ ಸಿಗದ ದಟ್ಟ ಕಾಡು. ಹಾಗೆ ತಲೆಮಾರುಗಳ ಕಾಲ ಜನ ಹತ್ತಿ ಬಂದರು. ಎಷ್ಟು ಜನ, ಯಾವ ವರ್ಷ ಅಂತ ಲೆಕ್ಕ ಇಟ್ಟವರಿಲ್ಲ. ಓಡಿ ಬಂದವರು ರಿಜಿಸ್ಟರಿಗೆ ಸಹಿ ಹಾಕಿ ಬರೋದಿಲ್ಲವಲ್ಲ! ಪೋರ್ಚುಗೀಸರ ರಾಜ್ಯದಲ್ಲಿ ಗುಲಾಮಗಿರಿ ಕಾನೂನು ಪ್ರಕಾರ ರದ್ದಾಗಿದ್ದು 1869ರಲ್ಲಿ. ಅಷ್ಟು ಹೊತ್ತಿಗೆ ಈ ಕಾಡಿನಲ್ಲಿ ಸಿದ್ದಿಗಳು ನೆಲೆ ನಿಂತಾಗಿತ್ತು. 1883ರ ಕೆನರಾ ಜಿಲ್ಲಾ ಗೆಜೆಟಿಯರಿನಲ್ಲಿ ಅವರ ಉಲ್ಲೇಖ ಇದೆ.

ಇದು ಬರೀ ಊಹೆಯಾ? ಇಲ್ಲಿ ನನ್ನ ಸೈನ್ಸ್ ಬುದ್ಧಿ ಸ್ವಲ್ಪ ಉಪಯೋಗಕ್ಕೆ ಬಂತು. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಡಿಎನ್‌ಎ ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದರು. ಅವರ ವಂಶವಾಹಿಯಲ್ಲಿ ಶೇಕಡಾ 60ರಿಂದ 75ರಷ್ಟು ಆಫ್ರಿಕದ್ದು, ಉಳಿದದ್ದು ಭಾರತದ್ದು, ಅಲ್ಪಸ್ವಲ್ಪ ಯುರೋಪಿನದ್ದು. ಆ ಆಫ್ರಿಕದ ಪಾಲು ಮುಖ್ಯವಾಗಿ ಬಾಂಟು ಭಾಷೆಗಳನ್ನಾಡುವ ಪೂರ್ವ ಆಫ್ರಿಕದ ಜನರದ್ದು. ಇಲ್ಲಿಯವರ ಜೊತೆ ಬೆರೆಯಲು ಶುರುವಾಗಿ ಸುಮಾರು 200 ವರ್ಷ, ಎಂಟು ತಲೆಮಾರು. ಇಥಿಯೋಪಿಯಾದ ಎತ್ತರದ ನಾಡಿನಲ್ಲಿ ಅಮ್ಹಾರಿಕ್, ತಿಗ್ರಿನ್ಯಾ, ಒರೊಮೊ ಭಾಷೆಗಳಿವೆ. ಅವು ಬಾಂಟು ಅಲ್ಲ. ಹಬಶಿ ರಕ್ತ ಇವರಲ್ಲಿ ಒಂದು ಹನಿಯೂ ಇಲ್ಲ ಅಂತ ಅದರರ್ಥವಲ್ಲ. ಆದರೆ 'ಇಥಿಯೋಪಿಯಾ ಮೂಲದ ಸಿದ್ದಿಗಳು' ಅಂತ ನಾನು ಓದಿದ್ದು, ಕನ್ನಡಿಗರನ್ನೆಲ್ಲ 'ಕಾಶ್ಮೀರ ಮೂಲದವರು' ಅಂದ ಹಾಗೆ.

ಇನ್ನೂ ಒಂದು ಮಾತಿದೆ. ಮಲಿಕ್ ಅಂಬರನನ್ನು ಹಬಶಿ ಅಂತ ನಾವು ಕರೆದೆವು. ಇಥಿಯೋಪಿಯಾದ ರಾಜರು ಅವನನ್ನು ತಮ್ಮವನು ಅಂತ ಒಪ್ಪುತ್ತಿದ್ದರಾ? ಅವನು ಹರಾರ್ ಕಡೆಯ ಒರೊಮೊ ಅಂತ ಕೆಲವರು, ದಕ್ಷಿಣದ ಕಂಬಾಟ ಪ್ರದೇಶದವನು ಅಂತ ಇನ್ನು ಕೆಲವರು ಹೇಳುತ್ತಾರೆ. ಎರಡೂ ಎತ್ತರದ ನಾಡಿನ ಕ್ರೈಸ್ತ ರಾಜ್ಯದ ಅಂಚಿನವೇ. ಮಾರಾಟವಾಗುತ್ತಿದ್ದವರು ಹೆಚ್ಚಾಗಿ ಈ ಅಂಚಿನವರು. ಮಾರುವವರಿಗೆ ಬೇಕಿದ್ದ ಸರಕುಗಳಲ್ಲಿ ಒಂದು ಭಾರತದ ಹತ್ತಿ ಬಟ್ಟೆ. ಇಲ್ಲಿಂದ ಬಟ್ಟೆ ಹೋಯಿತು, ಅಲ್ಲಿಂದ ಮಕ್ಕಳು ಬಂದರು. ಗುಲಾಮಗಿರಿಗೆ ಇಥಿಯೋಪಿಯಾದಲ್ಲಿ ಕಾನೂನು ಪೂರ್ತಿಯಾಗಿ ಬಾಗಿಲು ಹಾಕಿದ್ದು 1942ರಲ್ಲಿ. 1896ರಲ್ಲಿ ಅದ್ವಾದಲ್ಲಿ ಇಟಲಿಯನ್ನು ಸೋಲಿಸಿ ಇಡೀ ಕಪ್ಪು ಜನರ ಹೆಮ್ಮೆಯಾದ ದೇಶವೂ ಅದೇ. ಎರಡೂ ನಿಜ.

'ಯಾರು ಇಥಿಯೋಪಿಯನ್?' ಅನ್ನೋ ಜಗಳ ಅಲ್ಲಿ ಇವತ್ತಿಗೂ ಮುಗಿದಿಲ್ಲ. 1995ರ ಸಂವಿಧಾನ ದೇಶವನ್ನು ಜನಾಂಗಗಳ ಲೆಕ್ಕದಲ್ಲಿ ರಾಜ್ಯಗಳಾಗಿ ಹಂಚಿತು. 39ನೇ ವಿಧಿಯಲ್ಲಿ ಪ್ರತ್ಯೇಕವಾಗುವ ಹಕ್ಕನ್ನೂ ಕೊಟ್ಟಿತು. ಅತಿ ದೊಡ್ಡ ಜನಾಂಗ ಒರೊಮೊ. ಆ ಗುರುತಿನ ಅಬಿ ಅಹ್ಮದ್ ಪ್ರಧಾನಿಯಾದದ್ದು 2018ರಲ್ಲಿ. ಅವರು 2019ರಲ್ಲಿ ಶಾಂತಿಗೆ ನೊಬೆಲ್ ಪಡೆದರು, 2020ರ ನವೆಂಬರಿನಲ್ಲಿ ಅವರದೇ ಸರ್ಕಾರ ತಿಗ್ರಾಯ್‌ನಲ್ಲಿ ಯುದ್ಧಕ್ಕಿಳಿಯಿತು. ಎರಡು ವರ್ಷದ ನಂತರ ಪ್ರಿಟೋರಿಯಾದಲ್ಲಿ ಒಪ್ಪಂದ ಆಗುವ ಹೊತ್ತಿಗೆ ಸತ್ತವರ ಲೆಕ್ಕ ಲಕ್ಷಗಳಲ್ಲಿ ಅಂತ ಅಂದಾಜು. ಜನಾಂಗದ ಗುರುತನ್ನು ಪೂರ್ತಿ ಅಳಿಸಿದರೂ ಕಷ್ಟ, ಅದನ್ನೇ ಗಡಿಗೆರೆ ಮಾಡಿದರೂ ಕಷ್ಟ. ಆ ಸುದ್ದಿಯನ್ನು ನಾವು ಮೂವತ್ತು ಸೆಕೆಂಡು ಓದಿ ಮುಂದೆ ಹೋದೆವು. ನಮ್ಮ ಸಿದ್ದಿಗಳಿಗೆ ಅದು ಸಂಬಂಧಿಕರ ಮನೆಯ ಸುದ್ದಿ ಅಂತ ಯಾರೂ ಕರೆದು ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.

ಈಗ ಘಟ್ಟದ ಮೇಲಕ್ಕೆ ಬರೋಣ.

ಅಜ್ಜ ತೀರಿಹೋಗಿ ಎಷ್ಟೋ ವರ್ಷದ ಮೇಲೆ, ಮಾವ ಹಳೇ ಮನೆ ಕೆಡವಿ ಹೊಸದು ಕಟ್ಟಿಸುವಾಗ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಒಳಗೆ ಅಜ್ಜನ ಲೆಕ್ಕದ ಪುಸ್ತಕಗಳು. ಅಡಿಕೆ ಮಾರಿದ್ದು, ಏಲಕ್ಕಿ ಮಾರಿದ್ದು, ಶಿರಸಿ ಮಾರಿಕಾಂಬಾ ಜಾತ್ರೆ ಖರ್ಚು. ಅಕ್ಷರ ಮುತ್ತಿನ ಹಾಗೆ. 1950ರ ದಶಕದ ಕೊನೆಯ ಒಂದು ಪುಟದಲ್ಲಿ ಈ ಸಾಲು: 'ಸಿದ್ದಿ, ಮದುವೆ ಬಗ್ಗೆ, 60 ರೂ.' ಅದರ ಕೆಳಗೆ ವರ್ಷಗಟ್ಟಲೆ ಕೂಡುವುದು, ಕಳೆಯುವುದು. ಅಕ್ಕಿ ಕೊಟ್ಟದ್ದಕ್ಕೆ ಕೂಡಿದ್ದು. ಕಂಬಳಿ ಕೊಟ್ಟದ್ದಕ್ಕೆ ಕೂಡಿದ್ದು. ಕೂಲಿಗೆ ಕಳೆದದ್ದು. ನಾನು ಕ್ಯಾಲ್ಕುಲೇಟರ್ ತೆಗೆದು ಕೂತೆ. ಏಳು ವರ್ಷದ ನಂತರ 60 ರೂಪಾಯಿ 85 ಆಗಿತ್ತು.

ಬಡ್ಡಿ ಅಂತ ಎಲ್ಲೂ ಬರೆದಿಲ್ಲ. ಅಜ್ಜ ಕೆಟ್ಟವನಲ್ಲ, ಊರಲ್ಲಿ ಅವನ ಬಗ್ಗೆ ಒಂದು ಕೆಟ್ಟ ಮಾತು ಕೇಳಿದವನಲ್ಲ ನಾನು. ಎಲ್ಲ ತೋಟದ ಮನೆಯಲ್ಲೂ ಹಾಗೇ ಇತ್ತು ಅಂತ ಮಾವ ಹೇಳಿದ. ಇರಬಹುದು. ಜೀತ ಅನ್ನೋದು ಯಾವಾಗಲೂ ಚಾಟಿ ಹಿಡಿದು ಬರೋದಿಲ್ಲ. ಮದುವೆಗೆ ಸಾಲ ಕೊಟ್ಟು, ಮಳೆಗಾಲಕ್ಕೆ ಅಕ್ಕಿ ಕೊಟ್ಟು, ಕಂಬಳಿ ಹೊದೆಸಿ ಬರುತ್ತದೆ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಅದೇ ವರ್ಷ ಪಾಲಾಕ್ಷಪ್ಪನವರು ಉತ್ತರ ಕನ್ನಡದ ಸಿದ್ದಿಗಳ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದರು. ಈ ಜನರ ಬಗ್ಗೆ ಬಂದ ಮೊದಮೊದಲ ಗಂಭೀರ ಅಧ್ಯಯನಗಳಲ್ಲಿ ಅದೂ ಒಂದು.

ನನಗೆ ಹೆಚ್ಚು ಚುಚ್ಚಿದ್ದು ಆ ಮೊತ್ತ ಅಲ್ಲ. ಆ ಸಾಲಿನಲ್ಲಿ ಹೆಸರೇ ಇಲ್ಲ. ಅಡಿಕೆ ಕೊಂಡ ಸಾಹುಕಾರನ ಹೆಸರಿದೆ, ಎತ್ತು ಮಾರಿದವನ ಹೆಸರಿದೆ, ಎತ್ತಿಗೂ ಹೆಸರಿದೆ. ಇವನು ಬರೀ 'ಸಿದ್ದಿ'. ನನ್ನ ಒಡೆಯ ಅಂತ ಅರ್ಥ ಇದ್ದ ಪದ!

ಸರಿ, ಆಮೇಲೆ ಏನಾಯ್ತು? ಸರ್ಕಾರಕ್ಕೆ ಸಿದ್ದಿಗಳು ಮೊದಲು ಕಂಡದ್ದು ಓಟಗಾರರಾಗಿ. 1980ರ ದಶಕದಲ್ಲಿ ಮಾರ್ಗರೆಟ್ ಆಳ್ವ ಕೇಂದ್ರದ ಕ್ರೀಡಾ ಖಾತೆಯಲ್ಲಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಯೋಜನೆಯೊಂದು 1987ರಲ್ಲಿ ಶುರುವಾಯಿತು. ಕಾಡಿನ ಹಾಡಿಗಳಿಂದ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟರು. ಲೆಕ್ಕಾಚಾರ ಸರಳ: ಆಫ್ರಿಕದ ರಕ್ತ, ಹಾಗಾಗಿ ಒಲಿಂಪಿಕ್ ಪದಕ. ಮಕ್ಕಳು ಚೆನ್ನಾಗಿಯೇ ಓಡಿದರು, ರಾಷ್ಟ್ರಮಟ್ಟದಲ್ಲಿ ಪದಕ ತಂದರು, ಕೆಲವರಿಗೆ ಕ್ರೀಡಾ ಕೋಟಾದಲ್ಲಿ ಕೆಲಸವೂ ಸಿಕ್ಕಿತು. 1993ರಲ್ಲಿ ಯೋಜನೆ ನಿಂತಿತು. ಆರು ವರ್ಷದಲ್ಲಿ ಒಲಿಂಪಿಕ್ ಪದಕ ಬರಲಿಲ್ಲ ಅಂದರೆ ಹೇಗೆ ಬರುತ್ತೆ ಸ್ವಾಮಿ? ಹದಿಮೂರು ಹದಿನಾಲ್ಕು ವಯಸ್ಸಿಗೆ ಮನೆ ಬಿಟ್ಟು ಹೋದ ಮಕ್ಕಳು ವಾಪಸ್ ಅದೇ ತೋಟದ ಕೆಲಸಕ್ಕೆ ಬಂದರು. ಈಗ ಮುಂಡಗೋಡದಲ್ಲಿ ಒಂದು ಖಾಸಗಿ ಸಂಸ್ಥೆ ಮತ್ತೆ ತರಬೇತಿ ಕೊಡುತ್ತಿದೆ. ಚೆನ್ನಾಗಿ ನಡೆಯಲಿ. ಸಿದ್ದಿ ಹುಡುಗನೊಬ್ಬ ಓಡೋದು ಬಿಟ್ಟು ಲೆಕ್ಕದಲ್ಲಿ ಚುರುಕಾಗಿದ್ದರೆ ಅವನನ್ನು ಹುಡುಕಿಕೊಂಡು ಹೋಗೋ ಯೋಜನೆ ಯಾವುದಿದೆ?

ರಂಗಭೂಮಿಯವರು ಬೇರೆ ರೀತಿ ಬಂದರು. ಸಿದ್ದಾಪುರದ ಪಕ್ಕದ ಸಾಗರ ತಾಲೂಕಿನ ಹೆಗ್ಗೋಡಿನ ನೀನಾಸಮ್, 1980ರ ದಶಕದಲ್ಲಿ ಮಂಚೀಕೇರಿಯ ಸಿದ್ದಿಗಳ ಜೊತೆ ನಾಟಕ ಮಾಡಿತು. ನೈಜೀರಿಯಾದ ಚಿನುವಾ ಅಚಿಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿ ಆಧಾರಿತ ನಾಟಕ, ನಿರ್ದೇಶನ ಚಿದಂಬರರಾವ್ ಜಂಬೆಯವರದ್ದು. ಯೋಚಿಸಿ, ಆಫ್ರಿಕದ ಹಳ್ಳಿಯೊಂದರ ಕಥೆಯನ್ನು ಯಲ್ಲಾಪುರದ ಕಾಡಿನವರು ಕನ್ನಡದಲ್ಲಿ ಆಡಿದರು. ಆ ಗಾಳಿ ಅಲ್ಲಿಗೇ ನಿಲ್ಲಲಿಲ್ಲ. ನೀನಾಸಮಿನಲ್ಲಿ ಕಲಿತ ಪ್ರಶಾಂತ್ ಸಿದ್ದಿ ಸಿನಿಮಾಕ್ಕೆ ಬಂದರು. ಗಿರಿಜಾ ಸಿದ್ದಿ, ಗೀತಾ ಸಿದ್ದಿ ರಂಗದ ಮೇಲೆ ಹೆಸರು ಮಾಡಿದರು. 2021ರಲ್ಲಿ ಬಂದ 'ಸಲಗ' ಚಿತ್ರದ ಸಿದ್ದಿ ಹಾಡಿಗೆ ಕುಣಿಯದ ಮದುವೆ ಮನೆ ಇದೆಯಾ? ಡಮಾಮಿ ಬಡಿತ ಮಂಚೀಕೇರಿಯಿಂದ ಮಂಡ್ಯದ ಆರ್ಕೆಸ್ಟ್ರಾದವರೆಗೆ ಹೋಯಿತು. ಸಿದ್ದಿ ಹೆಂಗಸರು ಹಳೇ ಬಟ್ಟೆ ಚೂರು ಸೇರಿಸಿ ಹೊಲಿಯುವ ಕೌದಿ ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಮ್ಮಿನಲ್ಲಿ 2011ರಲ್ಲಿ ಪ್ರದರ್ಶನವಾಯಿತು. ಅಜ್ಜನಮನೆಯಲ್ಲಿ ಅಂಥದ್ದೇ ಕೌದಿಯನ್ನು ನಾವು ಅಡಿಕೆ ಒಣಗಿಸುವಾಗ ಕೂರೋಕೆ ಹಾಸುತ್ತಿದ್ದೆವು.

ಆದರೆ ಹೊಟ್ಟೆಗೂ ನೆಲಕ್ಕೂ ಸಂಬಂಧಪಟ್ಟದ್ದು ಬೇರೆ. 2003ರ ಜನವರಿಯಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಇಡೀ ರಾಜ್ಯದ ಸಿದ್ದಿಗಳಲ್ಲ, ಆ ಒಂದು ಜಿಲ್ಲೆಯವರು ಮಾತ್ರ. ಯಲ್ಲಾಪುರದಿಂದ ಹುಬ್ಬಳ್ಳಿ ಹೆದ್ದಾರಿಯಲ್ಲಿ ಹೋದರೆ ಕಿರವತ್ತಿ ದಾಟಿ ಕಲಘಟಗಿ ತಾಲೂಕು ಸಿಗುತ್ತದೆ. ಅದು ಧಾರವಾಡ ಜಿಲ್ಲೆ. ಫೋನ್ ಮಾಡಿದ್ದ ಹಿರಿಯರ ಮಗಳನ್ನು ಕೊಟ್ಟದ್ದು ಅಲ್ಲಿಗೆ. ಅಪ್ಪನ ಮನೆಯಲ್ಲಿ ಅವಳು ಪರಿಶಿಷ್ಟ ಪಂಗಡ. ಜಾತಿ ಪ್ರಮಾಣಪತ್ರ ಸಿಗೋದು ತಂದೆಯ ಕಡೆಯಿಂದ, ಹಾಗಾಗಿ ಅವಳ ಮಕ್ಕಳು ಅಲ್ಲ. ಅದೇ ಮೈ, ಅದೇ ಕೂದಲು, ಅದೇ ಡಮಾಮಿ. ನಡುವೆ ಒಂದು ಜಿಲ್ಲೆಯ ಬೋರ್ಡು. ಬೆಳಗಾವಿ, ಧಾರವಾಡ ಜಿಲ್ಲೆಯವರನ್ನೂ ಸೇರಿಸಿದ ತಿದ್ದುಪಡಿ ಬಂದದ್ದು 2020ರಲ್ಲಿ. ಹದಿನೇಳು ವರ್ಷ! ಅಷ್ಟರಲ್ಲಿ ಅವಳ ದೊಡ್ಡ ಮಗ ಎಸೆಸೆಲ್ಸಿ ಮುಗಿಸಿ ಹಾಸ್ಟೆಲ್ ಸೀಟು ಸಿಗದೆ ಓದು ಬಿಟ್ಟಾಗಿತ್ತು.

ಪಟ್ಟಿಗೆ ಸೇರಿದ್ದರಿಂದ ಏನು ಲಾಭ ಅಂತ ಕೇಳುವವರಿಗೆ ಅರಣ್ಯ ಹಕ್ಕು ಕಾಯ್ದೆ ಓದಿ ಅಂತೀನಿ. 2006ರ ಆ ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಭೂಮಿ ಅನುಭವದಲ್ಲಿದ್ದರೆ ಸಾಕು. ಇತರ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷದ ವಾಸಕ್ಕೆ ದಾಖಲೆ ತರಬೇಕು. ಓಡಿ ಬಂದವರ ಮೊಮ್ಮಕ್ಕಳು 75 ವರ್ಷದ ಕಾಗದ ಎಲ್ಲಿಂದ ತರೋದು? ಉತ್ತರ ಕನ್ನಡದಲ್ಲಿ ಕಾಗದವಿಲ್ಲದೆ ತಿರಸ್ಕೃತವಾದ ಅರ್ಜಿಗಳ ರಾಶಿ ನೋಡಿದವರಿಗೆ ಆ ಒಂದು ಪಟ್ಟಿಯ ಬೆಲೆ ಗೊತ್ತಾಗುತ್ತದೆ.

ರಾಜಕೀಯಕ್ಕೆ ಬಂದರೆ ಲೆಕ್ಕ ಕಠಿಣ. 2011ರ ಜನಗಣತಿಯಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡದವರು 42 ಲಕ್ಷಕ್ಕೂ ಹೆಚ್ಚು. ಅದರಲ್ಲಿ ನಾಯಕರೇ 32 ಲಕ್ಷ ದಾಟುತ್ತಾರೆ. ಸಿದ್ದಿಗಳು ಹತ್ತು ಸಾವಿರದ ಆಸುಪಾಸು. ಅಂದರೆ ಪಂಗಡದ ಸಾವಿರ ಜನರಲ್ಲಿ ಇವರು ಎರಡೂವರೆ. ಆ ಅರ್ಧ ಮನುಷ್ಯ ಎಲ್ಲಿ ವೋಟು ಹಾಕಬೇಕು? ರಾಜ್ಯದ 224 ಕ್ಷೇತ್ರಗಳಲ್ಲಿ 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ಉತ್ತರ ಕನ್ನಡದ ಆರರಲ್ಲಿ ಒಂದೂ ಇಲ್ಲ. ಪಂಚಾಯಿತಿಯಲ್ಲಿ ಮೀಸಲು ಸ್ಥಾನ ಬಂದು ಸಿದ್ದಿ ಗಂಡಸರು, ಹೆಂಗಸರು ಗೆದ್ದಿದ್ದಾರೆ, ಅದು ಸಣ್ಣ ಮಾತಲ್ಲ. ವಿಧಾನಸಭೆಗೆ ಮಾತ್ರ ಗೆದ್ದು ಹೋಗೋ ದಾರಿ ಕಾಣೋದಿಲ್ಲ. ಹಾಗಾಗಿಯೇ 2020ರ ನಾಮನಿರ್ದೇಶನ ಅಷ್ಟು ದೊಡ್ಡ ಸುದ್ದಿ. ಯಾವ ಪಕ್ಷ ಮಾಡಿತು, ಯಾಕೆ ಮಾಡಿತು ಅಂತ ಗಂಟೆಗಟ್ಟಲೆ ಚರ್ಚೆ ಮಾಡಬಹುದು, ನಾವು ಮಾಡಿದ್ದೂ ಆಯ್ತು. ಆದರೆ ಆರು ವರ್ಷದ ಅವಧಿ 2026ಕ್ಕೆ ಮುಗಿದರೆ ಮುಂದೆ ಯಾರು ಅನ್ನೋದು ಇನ್ನೊಬ್ಬರ ದಯೆಯ ಮೇಲೆ ನಿಂತಿದೆ ಅನ್ನೋದನ್ನು ನಾವು ಚರ್ಚೆ ಮಾಡಲಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ಯಾಥೋಲಿಕರಿದ್ದಾರೆ. ಹೆಸರು ಶಾಂತಾರಾಮ, ಹುಸೇನಿ, ಜುಜೆ ಏನೇ ಇರಲಿ, ಕೊನೆಯಲ್ಲಿ ಸಿದ್ದಿ. ಪರಿಶಿಷ್ಟ ಪಂಗಡದ ಪಟ್ಟಿಗೆ ಧರ್ಮದ ಷರತ್ತಿಲ್ಲ, ಹಾಗಾಗಿ ಮೂವರೂ ಒಳಗಿದ್ದಾರೆ. ಮತಾಂತರವಾದವರನ್ನು ಪಟ್ಟಿಯಿಂದ ತೆಗೀಬೇಕು ಅನ್ನೋ ಒತ್ತಾಯ ದೇಶದಲ್ಲಿ ಆಗಾಗ ಏಳುತ್ತದೆ. ಬೇರೆಡೆ ಅದರ ವಾದ ಪ್ರತಿವಾದ ಏನೇ ಇರಲಿ, ಸಿದ್ದಿಗಳ ವಿಷಯಕ್ಕೆ ನನ್ನ ಅಭಿಪ್ರಾಯ ಹೇಳಿಬಿಡ್ತೀನಿ: ಇವರ ಹಿರಿಯರಿಗೆ ಧರ್ಮ ಕೊಟ್ಟದ್ದು ಹೆಚ್ಚಾಗಿ ಕೊಂಡ ಒಡೆಯ. ಪೋರ್ಚುಗೀಸನ ಮನೆಗೆ ಹೋದವ ಕ್ರೈಸ್ತನಾದ, ಸುಲ್ತಾನನ ಕಡೆ ಇದ್ದವ ಮುಸ್ಲಿಮನಾದ, ತೋಟದ ಮನೆಗೆ ಸೇರಿದವ ಹಿಂದೂ ಆದ. ಆ ಲೆಕ್ಕದಲ್ಲಿ ಈಗ ಹತ್ತು ಸಾವಿರ ಜನರನ್ನು ಮೂರು ಪಾಲು ಮಾಡುವುದು ಅಂದರೆ ಹಳೇ ಒಡೆಯರ ಪುಸ್ತಕವನ್ನೇ ಮತ್ತೆ ತೆರೆದ ಹಾಗೆ.

ಬೆಂಗಳೂರಿಗೆ ಕೆಲಸಕ್ಕೆ ಬಂದ ಸಿದ್ದಿ ಹುಡುಗರ ಪಾಡು ಇನ್ನೊಂದು. ಬಸ್ಸಿನಲ್ಲಿ 'ಸ್ವಲ್ಪ ಸರೀರಿ ಅಣ್ಣ' ಅಂದರೆ ಇಡೀ ಬಸ್ಸು ತಿರುಗಿ ನೋಡುತ್ತದೆ, ಕೆಲವರು ಫೋನ್ ತೆಗೆದು ವಿಡಿಯೋ ಮಾಡುತ್ತಾರೆ. 2016ರಲ್ಲಿ ಹೆಸರಘಟ್ಟ ಕಡೆ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಹಲ್ಲೆ ಮಾಡಿದ ವಾರ, ಯಲ್ಲಾಪುರದ ಎಷ್ಟೋ ಮನೆಗಳಿಂದ ಬೆಂಗಳೂರಿನ ಮಕ್ಕಳಿಗೆ ಹೋದ ಫೋನು ಒಂದೇ: ಸಂಜೆ ಮೇಲೆ ಹೊರಗೆ ಹೋಗಬೇಡ.

ಕಳೆದ ಸಲ ಊರಿಗೆ ಹೋದಾಗ ಆ ಹಿರಿಯರನ್ನು ಹುಡುಕಿಕೊಂಡು ಹೋದೆ. ಯಲ್ಲಾಪುರದಿಂದ ಬಸ್ಸಿಳಿದು ಎರಡು ಮೈಲಿ ನಡಿಗೆ. ಮಣ್ಣಿನ ಗೋಡೆ, ಮೇಲೆ ಹೆಂಚು, ಒಂದು ಮೂಲೆಯಲ್ಲಿ ಹಿರಿಯರಿಗೆ ಇಟ್ಟ ತೆಂಗಿನಕಾಯಿ. ಮಳೆಗಾಲಕ್ಕೆ ಸರ್ಕಾರ ಕೊಡೋ ಪೌಷ್ಟಿಕ ಆಹಾರದ ಚೀಲ ಬಾಗಿಲ ಹಿಂದೆ. ಮಾತಾಡ್ತಾ ಮಾತಾಡ್ತಾ ಎಲ್ಲ ಹೇಳಿದೆ. ಗೋವಾ, ಮೊಜಾಂಬಿಕ್, ಡಿಎನ್‌ಎ. ಪೂರ್ತಿ ಕೇಳಿಸಿಕೊಂಡರು. 'ಹಂಗಾರೆ ಇಥಿಯೋಪಿಯಾ ಅಲ್ಲ ಅಂದಂಗಾಯ್ತು' ಅಂತ ನಕ್ಕರು. ಮೊಮ್ಮಗ ಮೊಬೈಲಿನಲ್ಲಿ ಆಫ್ರಿಕದ ನಕ್ಷೆ ತೆಗೆದು ಮೊಜಾಂಬಿಕ್ ತೋರಿಸಿದ. ನೋಡಿ, 'ದೂರ ಆಯ್ತಲ್ಲೋ' ಅಂದರು, ಅಷ್ಟೇ.

ವಾಪಸ್ ಬಂದು ನಮ್ಮ ಡೆಸ್ಕಿನವರಿಗೆ ಇನ್ನು ಮೇಲೆ 'ಇಥಿಯೋಪಿಯಾ ಮೂಲದ' ಅಂತ ಹಾಕಬೇಡಿ ಅಂದೆ. ಮತ್ತೇನು ಹಾಕೋದು ಸಾರ್ ಅಂತ ಕೇಳಿದರು. ಯಲ್ಲಾಪುರದ ಸಿದ್ದಿ ಅಂತ ಹಾಕಿ ಅಂದೆ. 'ಅದರಲ್ಲಿ ಸುದ್ದಿ ಏನಿದೆ ಸಾರ್?' ಅಂದ ಹೊಸದಾಗಿ ಸೇರಿದ ಹುಡುಗ. ಅವನನ್ನು ಬಯ್ಯೋ ಯೋಗ್ಯತೆ ನನಗಿರಲಿಲ್ಲ.

ಆ ದಿನ ಹೊರಡುವ ಮೊದಲು ಅಜ್ಜನ ಪುಸ್ತಕದ ಆ ಪುಟದ ಫೋಟೋ ಅವರಿಗೆ ತೋರಿಸಿದ್ದೆ. ತೋರಿಸಬಾರದು ಅಂತಲೇ ಹೋಗಿದ್ದೆ, ಆದರೆ ಅಷ್ಟು ಹೊತ್ತು ಅವರ ಮನೆಯ ಚಹ ಕುಡಿದು ಮುಚ್ಚಿಡೋದು ಆಗಲಿಲ್ಲ. ಕನ್ನಡಕ ಹಾಕಿಕೊಂಡು, ಬೆರಳಿಟ್ಟು ನಿಧಾನ ಓದಿದರು. ನಮ್ಮ ಅಜ್ಜನಮನೆ ಯಾವುದು ಅಂತ ಕೇಳಿದರು, ಹೇಳಿದೆ.

'ನಮ್ಮಪ್ಪ ಆ ಕಡೆ ಕೆಲಸಕ್ಕೆ ಹೋಗ್ತಿದ್ದ. ಅವನೂ ಇರಬಹುದು, ಬೇರೆಯವರೂ ಇರಬಹುದು. ಹೆಸರೇ ಬರ್ದಿಲ್ವಲ್ಲ' ಅಂದರು. ಆಮೇಲೆ ಫೋನ್ ವಾಪಸ್ ಕೊಡುತ್ತಾ ಕೇಳಿದರು:

'ಕಡೆಗೆ ತೀರ್ತಾ ಅದು?'

ಚುಕ್ತಾ ಆದದ್ದು ನಾನು ನೋಡಿದ ಯಾವ ಪುಟದಲ್ಲೂ ಇರಲಿಲ್ಲ. ಹಾಗಂತಲೇ ಹೇಳಿದೆ.